ಬದಲಿ ಡಿಸ್ಟ್ರಿಬ್ಯೂಟರ್: ಎಂಜಿನ್ನಿಗೆ ಕೂರಿಸುವ ಮೊದಲು ಬಿಚ್ಚಿ ನೋಡಿ

ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸವೆದುಹೋದಾಗ ಮೂಲ ತಯಾರಕರ ಭಾಗ ಈಗ ಸಿಗುವುದು ಅಪರೂಪ. ಸಿಗುವುದೆಲ್ಲ ಅದೇ ಅಚ್ಚಿನಲ್ಲಿ ಬೇರೆಯವರು ತಯಾರಿಸಿದ ಬದಲಿ ಮಾಲು. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬೋಲ್ಟಿನ ತೂತೂ ಒಂದೇ, ಕ್ಯಾಪೂ ಒಂದೇ. ಆದರೆ ಕಿಡಿಯ ಹೊತ್ತನ್ನು ಎಂಜಿನ್ನಿನ ವೇಗಕ್ಕೆ ಹೊಂದಿಸುವ ಒಳಗಿನ ವೇಟ್‌ಗಳು, ಸ್ಪ್ರಿಂಗ್‌ಗಳು ಮತ್ತು ಎಂಜಿನ್ ಗಾಳಿ ಹೀರುವ ಬಲಕ್ಕೆ ಹೊಂದಿಸುವ ವ್ಯಾಕ್ಯೂಮ್ ಡಬ್ಬಿ ಯಾವ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ನನ್ನ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಇಂಥದೊಂದನ್ನು ತಂದು, ಬಿಚ್ಚಿ, ತಿದ್ದಿ, ಕೂರಿಸಿದ ವಿವರವನ್ನು ಇಲ್ಲಿ ಬರೆದಿದ್ದೇನೆ. ಬದಲಿ ಡಿಸ್ಟ್ರಿಬ್ಯೂಟರ್ ಎಂಬುದು ಅರ್ಧ ಮುಗಿದ ವಸ್ತು, ಉಳಿದರ್ಧವನ್ನು ಕೂರಿಸುವವನೇ ಮುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಹಳೆಯದರ ರೋಗವನ್ನು ಹೇಳಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಅದರ ಮೇಲಿನ ಕ್ಯಾಮ್‌ನಲ್ಲಿ 90 ಡಿಗ್ರಿಗೊಂದರಂತೆ ನಾಲ್ಕು ಉಬ್ಬುಗಳಿದ್ದು, ಪ್ರತಿಯೊಂದು ಉಬ್ಬೂ ಪಾಯಿಂಟನ್ನು, ಅಂದರೆ ಕಾಯಿಲಿನ ವಿದ್ಯುತ್ತನ್ನು ಕಡಿಯುವ ಪುಟ್ಟ ಸ್ವಿಚ್ಚನ್ನು, ತೆರೆದ ಕ್ಷಣದಲ್ಲಿ ಕಾಯಿಲಿನಿಂದ ಕಿಡಿ ಹೊರಡುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಸೆಕೆಂಡಿಗೆ 200 ಕಿಡಿಗಳು ಬೇಕು, ಅಂದರೆ ಒಂದು ಕಿಡಿಗೂ ಮುಂದಿನದಕ್ಕೂ ನಡುವೆ ಇರುವುದು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದು ಮಾತ್ರ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಪಾಯಿಂಟಿನ ಅಂತರವೇ 0.40 ಮಿಲಿಮೀಟರ್ ಇರುವಾಗ, ಶಾಫ್ಟನ್ನು ಹಿಡಿದಿಡುವ ಸವೆದ ಬುಷ್‌ನೊಳಗೆ (ಲೋಹದ ತೋಳಿನೊಳಗೆ) ಅದು 0.10 ಮಿಲಿಮೀಟರ್ ಅತ್ತಿತ್ತ ಆಡಿದರೂ ಆ ಅಂತರದ ಕಾಲು ಭಾಗ ಅಲ್ಲಿಗೇ ಹೋಯಿತು. ಒಂದು ಸಿಲಿಂಡರಿಗೆ ಕಿಡಿ ಬೇಗ ಬಂದರೆ ಇನ್ನೊಂದಕ್ಕೆ ತಡವಾಗುತ್ತದೆ. ಕಿಡಿ ಹಾರಿದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಗುರುತು ಒಂದೆಡೆ ನಿಲ್ಲದೆ ನಡುಗುತ್ತದೆ. ವ್ಯಾಕ್ಯೂಮ್ ಪೈಪನ್ನು ಕಳಚಿ ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) ಅಳೆಯುವ ಮೀಟರ್ ಹಚ್ಚಿದರೆ ಐಡಲ್‌ನಲ್ಲಿ ಒಂದು ಅಂಕಿ, ವೇಗ ಏರಿಸಿದಾಗ ಇನ್ನೊಂದು ಅಂಕಿ ತೋರಿಸುತ್ತದೆ. ನನ್ನದರಲ್ಲಿ ಇವೆಲ್ಲವೂ ಇದ್ದವು. ಶಾಫ್ಟಿನ ತಲೆಯ ಮೇಲೆ ಕೂತು ಕಿಡಿ ಹಂಚುವ ರೋಟರನ್ನು ಎರಡು ಬೆರಳಿನಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿದರೆ ಶಾಫ್ಟ್ ಟಕ್ ಟಕ್ ಎನ್ನುತ್ತಿತ್ತು.

ಸವೆದ ಬುಷ್‌ಗಳನ್ನು ಬದಲಿಸಬಹುದು. ರಂಧ್ರಮಯ ಕಂಚಿನ ಬುಷ್‌ಗಳನ್ನು ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು, ಒತ್ತಿ ಕೂರಿಸಿ, ಶಾಫ್ಟಿನ ಅಳತೆಗೆ ಹೊಂದಿಸಿಕೊಂಡರೆ ಹಳೆಯ ಡಿಸ್ಟ್ರಿಬ್ಯೂಟರ್ ಇನ್ನೂ ಎಷ್ಟೋ ವರ್ಷ ದುಡಿಯುತ್ತದೆ. ಮೂಲ ಭಾಗ ರಿಪೇರಿಗೆ ಒಗ್ಗುವ ಸ್ಥಿತಿಯಲ್ಲಿದ್ದರೆ ಹೊಸದಕ್ಕಿಂತ ಅದೇ ವಾಸಿ ಎಂದು ಈಗಲೂ ಹೇಳುತ್ತೇನೆ. ನನ್ನದರಲ್ಲಿ ಬುಷ್ ಜೊತೆಗೆ ಶಾಫ್ಟೂ ಸವೆದು ಮೆಟ್ಟಿಲು ಬಿದ್ದಿತ್ತು, ಕ್ಯಾಮ್‌ನ ಒಂದು ಉಬ್ಬಿನ ಮೇಲೆ ತುಕ್ಕು ತಿಂದ ಗುಳಿಗಳಿದ್ದವು. ಆದ್ದರಿಂದ ದೇಹ, ಶಾಫ್ಟ್ ಮತ್ತು ಕ್ಯಾಮ್ ಹೊಸದಾಗಲಿ, ಒಳಗಿನ ಒಳ್ಳೆಯ ಭಾಗಗಳು ಹಳೆಯದರಿಂದ ಬರಲಿ ಎಂದು ತೀರ್ಮಾನಿಸಿದೆ. ಹಳೆಯದನ್ನು ಗುಜರಿಗೆ ಹಾಕದೆ ಇಟ್ಟುಕೊಂಡದ್ದಕ್ಕೆ ಮುಂದೆ ಬೆಲೆ ಬಂತು.

ಹೊಸದು ಕೈಗೆ ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಮಲಗಿಸಿ ವರ್ನಿಯರ್‌ನಿಂದ ಅಳೆದೆ. ಬ್ಲಾಕಿನೊಳಗೆ ಇಳಿಯುವ ಕತ್ತಿನ ವ್ಯಾಸ, ಒ-ರಿಂಗ್ ಕೂರುವ ತೋಡಿನ ಜಾಗ, ಫ್ಲೇಂಜಿನಿಂದ ಗೇರಿನವರೆಗಿನ ಉದ್ದ, ಗೇರಿನ ಹಲ್ಲುಗಳ ಎಣಿಕೆ ಮತ್ತು ಅವುಗಳ ಓರೆ ಯಾವ ಕಡೆಗಿದೆ ಎಂಬುದು, ಇವಿಷ್ಟೂ ತಾಳೆಯಾಗಲೇಬೇಕು. ಗೇರ್ ಯಾವ ಲೋಹದ್ದು ಎಂಬುದನ್ನೂ ವಿಚಾರಿಸಬೇಕು, ಏಕೆಂದರೆ ಎರಕದ ಕ್ಯಾಮ್‌ಶಾಫ್ಟಿಗೆ ಹೊಂದುವ ಗೇರ್ ಉಕ್ಕಿನ ಕ್ಯಾಮ್‌ಶಾಫ್ಟಿಗೆ ಹೊಂದದೆ ಬೇಗನೆ ಸವೆದು, ಆ ಪುಡಿಯೆಲ್ಲ ಆಯಿಲ್‌ಗೆ ಸೇರುತ್ತದೆ. ಇನ್ನೊಂದು ಪರೀಕ್ಷೆ ಬೆರಳಿನಿಂದಲೇ ಆಗುವಂಥದು: ರೋಟರನ್ನು ಎಂಜಿನ್ ಓಡುವಾಗ ಅದು ತಿರುಗುವ ದಿಕ್ಕಿಗೆ ಮೆಲ್ಲಗೆ ತಿರುಚಿದರೆ ಸ್ವಲ್ಪ ದೂರ ಹೋಗಿ, ಬಿಟ್ಟ ಕೂಡಲೇ ಸ್ಪ್ರಿಂಗ್ ಬಲದಿಂದ ಹಿಂದಕ್ಕೆ ಬರಬೇಕು. ಎದುರು ದಿಕ್ಕಿಗೆ ಮಾತ್ರ ಹೋಗುತ್ತಿದ್ದರೆ ಅದು ಬೇರೆ ದಿಕ್ಕಿಗೆ ತಿರುಗುವ ಎಂಜಿನ್ನಿನ ಡಿಸ್ಟ್ರಿಬ್ಯೂಟರ್. ಕೂರಿಸಿದರೆ ವೇಗ ಏರಿದಂತೆ ಕಿಡಿ ಮುಂದಕ್ಕೆ ಬರುವ ಬದಲು ತಡವಾಗುತ್ತ ಹೋಗುತ್ತದೆ.

ಅಳತೆಗಳು ಸರಿಯಾಗಿದ್ದವು. ಆಮೇಲೆ ಬಿಚ್ಚಿದೆ. ಪಾಯಿಂಟ್ ಕೂರುವ ಬೇಸ್ ಪ್ಲೇಟಿನ ಅಡಿಯಲ್ಲಿ ಲೇತಿನಿಂದ ಉಳಿದ ಅಲ್ಯೂಮಿನಿಯಂ ಚೂರುಗಳು ಗ್ರೀಸಿಗೆ ಅಂಟಿಕೊಂಡು ಕುಳಿತಿದ್ದವು. ಬುಷ್‌ಗೆ ಎಣ್ಣೆಯ ಸೋಂಕೇ ಇರಲಿಲ್ಲ. ಎರಡು ವೇಟ್‌ಗಳಲ್ಲಿ ಒಂದು ತನ್ನ ಪಿನ್ನಿನ ಮೇಲೆ ಸಲೀಸಾಗಿ ಆಡುತ್ತಿತ್ತು. ಇನ್ನೊಂದು ಅಂಚಿನಲ್ಲಿ ಉಳಿದಿದ್ದ ಲೋಹದ ಕೂಳೆಗೆ ಸಿಕ್ಕಿ ಅರ್ಧದಲ್ಲೇ ನಿಲ್ಲುತ್ತಿತ್ತು. ಅದನ್ನು ಹಾಗೆಯೇ ಬಿಟ್ಟಿದ್ದರೆ ಒಮ್ಮೆ ಏರಿದ ಅಡ್ವಾನ್ಸ್ (ಕಿಡಿ ಎಷ್ಟು ಡಿಗ್ರಿ ಮುಂಚೆ ಬರುತ್ತದೆ ಎಂಬುದು) ಇಳಿಯದೆ, ಎಂಜಿನ್ನಿನ ಐಡಲ್ ಒಂದೊಂದು ಸಲ ಒಂದೊಂದು ಥರ ಇರುತ್ತಿತ್ತು, ಮತ್ತು ಆ ತಪ್ಪು ಪಾಪ ಕಾರ್ಬ್ಯುರೇಟರಿನ ತಲೆಗೆ ಬರುತ್ತಿತ್ತು. ಕೂಳೆಯನ್ನು ಸಣ್ಣ ಅರದಿಂದ ಉಜ್ಜಿ ತೆಗೆದೆ, ಎಲ್ಲವನ್ನೂ ತೊಳೆದು ಒಣಗಿಸಿ, ವೇಟ್‌ಗಳ ಪಿನ್ನಿಗೆ ತೆಳು ಎಣ್ಣೆ, ಕ್ಯಾಮ್‌ಗೆ ಗೋಧಿಕಾಳಿನಷ್ಟು ಗ್ರೀಸ್, ರೋಟರಿನ ಅಡಿಯಲ್ಲಿರುವ ಫೆಲ್ಟಿಗೆ ಎರಡು ತೊಟ್ಟು ಎಂಜಿನ್ ಆಯಿಲ್ ಹಾಕಿದೆ. ಗ್ರೀಸ್ ಹೆಚ್ಚಾದರೆ ಅದು ಹಾರಿ ಪಾಯಿಂಟಿನ ಮೇಲೆ ಕೂರುತ್ತದೆ.

ಬೇಸ್ ಪ್ಲೇಟಿನಿಂದ ದೇಹಕ್ಕೆ ಹೋಗುವ ಹೆಣೆದ ಅರ್ತ್ ತಂತಿಯನ್ನು ಮರೆಯಬಾರದು. ವ್ಯಾಕ್ಯೂಮ್ ಪ್ಲೇಟನ್ನು ಎಳೆದಾಗಲೆಲ್ಲ ಈ ತಂತಿ ಬಾಗುತ್ತದೆ. ಅದು ಬಿರುಸಾಗಿದ್ದರೆ ಅಥವಾ ಅರ್ಧ ಎಳೆಗಳು ಕಿತ್ತಿದ್ದರೆ, ನಿಂತ ಎಂಜಿನ್ನಿನಲ್ಲಿ ಎಲ್ಲವೂ ಸರಿಯಿದ್ದು, ಓಡುವಾಗ ಮಾತ್ರ ಮಿಸ್ಸಿಂಗ್ ಕಾಣಿಸಿಕೊಳ್ಳುತ್ತದೆ. ಪಾಯಿಂಟಿನ ಕಂಬದ ಮೇಲಿನ ಇನ್ಸುಲೇಟರ್ ವಾಷರಿನ ಕ್ರಮವೂ ಹಾಗೆಯೇ. ಕಾಯಿಲಿನಿಂದ ಬರುವ ತಂತಿಯ ಕಣ್ಣು ಮತ್ತು ಕಂಡೆನ್ಸರಿನ ಕಣ್ಣು ಪಾಯಿಂಟಿನ ಸ್ಪ್ರಿಂಗನ್ನು ಮುಟ್ಟಬೇಕು, ಕಂಬವನ್ನಾಗಲಿ ನಟ್ಟನ್ನಾಗಲಿ ದೇಹಕ್ಕೆ ಸೇರಿಸಬಾರದು. ಅಲ್ಲೊಂದು ವಾಷರ್ ಹಿಂದುಮುಂದಾದರೆ ಪಾಯಿಂಟ್ ತೆರೆದರೂ ವಿದ್ಯುತ್ತು ನೇರ ಅರ್ತ್‌ಗೆ ಹೋಗಿ ಕಿಡಿಯೇ ಇರುವುದಿಲ್ಲ.

ರೋಟರಿನ ವಿಷಯದಲ್ಲಿ ನನಗೆ ವಿಶೇಷ ಅನುಮಾನ. ಹಿತ್ತಾಳೆಯ ಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ರಿವೆಟ್ ಹೊಡೆದು ಕೂರಿಸಿದ ಬದಲಿ ರೋಟರುಗಳಲ್ಲಿ ಕೆಲವುದರ ರಿವೆಟ್ ಒಳಗೆ ಶಾಫ್ಟನ್ನು ಹಿಡಿಯುವ ಸ್ಪ್ರಿಂಗಿಗೆ ತೀರ ಹತ್ತಿರವಿರುತ್ತದೆ. ಸಾವಿರಾರು ವೋಲ್ಟಿನ ಕಿಡಿಗೆ ಆ ತೆಳು ಪ್ಲಾಸ್ಟಿಕ್ ದೊಡ್ಡ ಅಡ್ಡಿಯೇನಲ್ಲ. ಬಿಸಿಯಾದ ಮೇಲೆ ಅಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಶಾಫ್ಟಿಗೆ ಇಳಿಯುತ್ತದೆ. ಎಂಜಿನ್ ಏಕಾಏಕಿ ನಿಂತುಬಿಡುತ್ತದೆ, ಮತ್ತು ರೋಟರ್ ನೋಡುವುದಕ್ಕೆ ಹೊಸದರಂತೆಯೇ ಇರುವುದರಿಂದ ಅದರ ಮೇಲೆ ಯಾರೂ ಸಂಶಯ ಪಡುವುದಿಲ್ಲ. ಡಿಸ್ಟ್ರಿಬ್ಯೂಟರಿನ ಜೊತೆ ಬಂದ ರೋಟರನ್ನು ಬದಿಗಿಟ್ಟು, ರಿವೆಟ್ ಇಲ್ಲದೆ ಪಟ್ಟಿಯನ್ನೇ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ ರೋಟರನ್ನು ಹಾಕಿದೆ. ಕಂಡೆನ್ಸರನ್ನೂ ಬದಲಿಸಿದೆ, ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕಾದದ್ದು ಅಳತೆಯಲ್ಲಿ ಬಹಳ ಕಡಿಮೆ ತೋರಿಸಿತ್ತು. ಕಂಡೆನ್ಸರ್ ಹೊಂದದಿದ್ದರೆ ಪಾಯಿಂಟಿನ ಒಂದು ಮುಖದಿಂದ ಲೋಹ ಎದ್ದು ಇನ್ನೊಂದರ ಮೇಲೆ ಗುಪ್ಪೆ ಕಟ್ಟುತ್ತದೆ.

ಪಾಯಿಂಟನ್ನೇ ತೆಗೆದುಹಾಕಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ಹಾಕಬಹುದು, ಅದಕ್ಕೆ ನನ್ನ ವಿರೋಧವಿಲ್ಲ. ಕ್ಯಾಮ್‌ನ ಮೇಲೆ ಕೂರುವ ಅಯಸ್ಕಾಂತದ ಬಳೆ ರೋಟರನ್ನು ಮೇಲಕ್ಕೆತ್ತಿ ಕ್ಯಾಪಿನೊಳಗಿನ ಇದ್ದಿಲು ಬ್ರಷ್ಷನ್ನು ಅದುಮದಂತೆ ನೋಡಿಕೊಳ್ಳಬೇಕು, ಕಾಯಿಲಿನ ಪ್ರೈಮರಿ ರೋಧ ಮಾಡ್ಯೂಲಿಗೆ ಹೇಳಿದಷ್ಟಿರಬೇಕು, ತಂತಿ ಅದಲುಬದಲಾಗಬಾರದು, ಎಂಜಿನ್ ನಿಂತಿರುವಾಗ ಕೀಲಿಯನ್ನು ತಿರುಗಿಸಿಟ್ಟು ಬಿಡಬಾರದು. ಪಾಯಿಂಟ್ ಸವೆಯುತ್ತ ಬಂದರೆ ಎಂಜಿನ್ ಕುಂಟುತ್ತಲಾದರೂ ಮನೆ ಸೇರಿಸುತ್ತದೆ, ಮಾಡ್ಯೂಲ್ ಹೋದರೆ ಅಲ್ಲೇ ನಿಲ್ಲುತ್ತದೆ. ಆ ಕಾರಣಕ್ಕೆ ನಾನು ಪಾಯಿಂಟಿನಲ್ಲೇ ಉಳಿದೆ. ಆದರೆ ಮಾಡ್ಯೂಲ್ ಹಾಕಿದರೂ ಶಾಫ್ಟಿನ ಸವೆತ ವಾಸಿಯಾಗುವುದಿಲ್ಲ, ಅಡ್ವಾನ್ಸಿನ ಲೆಕ್ಕದಿಂದಲೂ ತಪ್ಪಿಸಿಕೊಳ್ಳಲಾಗುವುದಿಲ್ಲ.

ಆ ಲೆಕ್ಕವೇ ಈ ಕೆಲಸದ ತಿರುಳು. ಸಿಲಿಂಡರಿನಲ್ಲಿ ಪೆಟ್ರೋಲ್ ಮಿಶ್ರಣ ಉರಿಯುವುದಕ್ಕೆ ಹೊತ್ತು ಹಿಡಿಯುತ್ತದೆ, ಎಂಜಿನ್ನಿನ ವೇಗ ಏರಿದಂತೆ ಆ ಹೊತ್ತಿಗೆ ಸಿಗುವ ಅವಕಾಶ ಕಿರಿದಾಗುತ್ತದೆ. ಆದ್ದರಿಂದ ಪಿಸ್ಟನ್ ಮೇಲ್ತುದಿ ತಲುಪುವುದಕ್ಕಿಂತ ಇನ್ನಷ್ಟು ಮುಂಚೆ ಕಿಡಿ ಕೊಡಬೇಕಾಗುತ್ತದೆ. ವೇಟ್‌ಗಳು ವೇಗಕ್ಕೆ ಹೊರಕ್ಕೆ ಚಾಚಿ ಕ್ಯಾಮ್ ಅನ್ನು ಶಾಫ್ಟಿಗಿಂತ ಮುಂದಕ್ಕೆ ತಿರುಗಿಸುವುದು ಇದಕ್ಕಾಗಿ. ಎಷ್ಟು ವೇಗದಲ್ಲಿ ಶುರುವಾಗಬೇಕು ಎಂಬುದನ್ನು ಸ್ಪ್ರಿಂಗ್‌ಗಳೂ, ಎಲ್ಲಿಗೆ ನಿಲ್ಲಬೇಕು ಎಂಬುದನ್ನು ಒಂದು ಗಟ್ಟಿ ತಡೆಯೂ ನಿರ್ಧರಿಸುತ್ತವೆ. ಬ್ರಿಟನ್ನಿನ ಲ್ಯೂಕಾಸ್ ಕಂಪನಿಯ 25ಡಿ ಜಾತಿಯ ಹಳೆಯ ಡಿಸ್ಟ್ರಿಬ್ಯೂಟರುಗಳಲ್ಲಿ ಬೇಸ್ ಪ್ಲೇಟಿನ ಅಡಿಯಲ್ಲಿರುವ ಕ್ಯಾಮ್‌ನ ಪಾದದ ಮೇಲೆ ಈ ಗರಿಷ್ಠ ಡಿಗ್ರಿಯನ್ನು ಕೊರೆದೇ ಇರುತ್ತಾರೆ. ಅದು ಡಿಸ್ಟ್ರಿಬ್ಯೂಟರಿನ ಡಿಗ್ರಿ ಎಂಬುದನ್ನು ನೆನಪಿಡಬೇಕು. ಕ್ರ್ಯಾಂಕಿನ ಲೆಕ್ಕಕ್ಕೆ ಅದರ ಎರಡರಷ್ಟಾಗುತ್ತದೆ. ಕೈಪಿಡಿಗಳು ಕೆಲವು ಸಲ ವೇಗವನ್ನೂ ಡಿಸ್ಟ್ರಿಬ್ಯೂಟರಿನ ಸುತ್ತುಗಳಲ್ಲಿಯೇ ಕೊಡುತ್ತವೆ. ಓದುವಾಗ ಎರಡನ್ನೂ ಇಮ್ಮಡಿ ಮಾಡಿಕೊಳ್ಳದಿದ್ದರೆ ಎಲ್ಲ ಅಂಕಿಯೂ ತಲೆಕೆಳಗು.

ನನ್ನ ಹಳೆಯದರಲ್ಲಿ 11 ಎಂದಿತ್ತು. ಐಡಲ್‌ನಲ್ಲಿ ಕ್ರ್ಯಾಂಕಿನ 8 ಡಿಗ್ರಿ ಇಟ್ಟರೆ, ಅದಕ್ಕೆ 22 ಸೇರಿ ಒಟ್ಟು 30 ಡಿಗ್ರಿ. ಕೈಪಿಡಿ ಹೇಳುವುದೂ ಅಷ್ಟೇ. ಹೊಸದರಲ್ಲಿ ಯಾವ ಅಂಕಿಯೂ ಇರಲಿಲ್ಲ. ಡಿಗ್ರಿ ಗುರುತಿರುವ ಕಾಗದದ ಚಕ್ರವನ್ನು ದೇಹಕ್ಕೆ ಅಂಟಿಸಿ, ಶಾಫ್ಟನ್ನು ಬಿಗಿಹಿಡಿದು ಕ್ಯಾಮ್ ಅನ್ನು ತಡೆಯವರೆಗೆ ತಿರುಗಿಸಿ ನೋಡಿದರೆ 15 ಡಿಗ್ರಿ ಬಂತು. ಅಂದರೆ ಅದೇ ಐಡಲ್ ಟೈಮಿಂಗ್ ಇಟ್ಟರೆ ಒಟ್ಟು 38 ಡಿಗ್ರಿ. ಗಾಡಿ ಏರು ಹತ್ತುವಾಗ ಪೂರ್ತಿ ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲಿ ಈ ಹೆಚ್ಚಿನ 8 ಡಿಗ್ರಿ ಪಿಸ್ಟನ್ನಿಗೆ ಹೊಡೆತ (ನಾಕಿಂಗ್) ಕೊಡುತ್ತದೆ. ಅದನ್ನು ತಪ್ಪಿಸಲು ಇಡೀ ಟೈಮಿಂಗನ್ನೇ 8 ಡಿಗ್ರಿ ಹಿಂದಕ್ಕೆ ತಂದರೆ ಐಡಲ್‌ನಲ್ಲಿ ಅಡ್ವಾನ್ಸ್ ಸೊನ್ನೆಯಾಗಿ, ಎಂಜಿನ್ ಬಿಸಿಯಾಗುತ್ತದೆ, ಎಳೆತ ಸತ್ತುಹೋಗುತ್ತದೆ. ಬದಲಿ ಡಿಸ್ಟ್ರಿಬ್ಯೂಟರ್ ಹಾಕಿದ ಮೇಲೆ ಪಿಕಪ್ ಇಲ್ಲ ಎಂದು ದೂರುವವರ ಎಂಜಿನ್ನುಗಳಲ್ಲಿ ಹಲವು ಈ ಸ್ಥಿತಿಯಲ್ಲಿರುತ್ತವೆ ಎಂಬುದು ನನ್ನ ಗುಮಾನಿ.

ಪರಿಹಾರ ಚಿಕ್ಕದು. ಕ್ಯಾಮ್‌ನ ಪಾದ ಬಂದು ಬಡಿಯುವ ಕಂಬ ಶಾಫ್ಟಿನ ಮಧ್ಯದಿಂದ 14 ಮಿಲಿಮೀಟರ್ ದೂರದಲ್ಲಿತ್ತು. ಆ ದೂರದಲ್ಲಿ 4 ಡಿಗ್ರಿ ಎಂದರೆ ಹೆಚ್ಚುಕಡಿಮೆ 1 ಮಿಲಿಮೀಟರ್. ಹಾಗಾಗಿ 1 ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಹಿತ್ತಾಳೆಯ ಪುಟ್ಟ ಕೊಳವೆಯನ್ನು ಆ ಕಂಬಕ್ಕೆ ಬಿಗಿಯಾಗಿ ತೊಡಿಸಿದೆ. ಅದು ಮೇಲಕ್ಕೆ ಜಾರದಂತೆ ತುದಿಯನ್ನು ಸ್ವಲ್ಪ ಅಗಲಿಸಿದ್ದೇನೆ. ಮತ್ತೆ ಅಳೆದಾಗ 11ರ ಗೆರೆಗೆ ಸರಿಯಾಗಿ ನಿಂತಿತು. ಇದರಲ್ಲಿ ಕಣ್ಣಳತೆ ನಡೆಯುವುದಿಲ್ಲ, ಏಕೆಂದರೆ ಕೊಳವೆ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಕ್ರ್ಯಾಂಕಿನಲ್ಲಿ 4 ಡಿಗ್ರಿ ಹೆಚ್ಚು ಕಡಿಮೆಯಾಗುತ್ತದೆ.

ಸ್ಪ್ರಿಂಗ್‌ಗಳಲ್ಲಿಯೂ ವ್ಯತ್ಯಾಸ ಕಣ್ಣಿಗೆ ಕಾಣುವಂತಿತ್ತು. ಮೂಲದಲ್ಲಿ ಒಂದು ತೆಳು ಸ್ಪ್ರಿಂಗ್, ಇನ್ನೊಂದು ದಪ್ಪನೆಯದು. ದಪ್ಪನೆಯದರ ಕೊಕ್ಕೆ ಉದ್ದನೆಯ ಕುಣಿಕೆಯಂತಿದ್ದು, ವೇಟ್ ಸ್ವಲ್ಪ ದೂರ ಚಾಚಿದ ಮೇಲಷ್ಟೇ ಅದು ಬಿಗಿಯಾಗುತ್ತದೆ. ಮೊದಲು ತೆಳುವಿನ ಮೇಲೆ ಬೇಗನೆ, ಆಮೇಲೆ ಎರಡೂ ಸೇರಿ ನಿಧಾನವಾಗಿ ಅಡ್ವಾನ್ಸ್ ಏರುವುದು ಹೀಗೆ. ಹೊಸದರಲ್ಲಿ ಎರಡೂ ಒಂದೇ ತೆರನ ತೆಳು ಸ್ಪ್ರಿಂಗ್‌ಗಳು. ಅವುಗಳ ಬದಲು ಹಳೆಯವನ್ನೇ, ಕುಣಿಕೆ ಅಗಲಿಸಿಲ್ಲ, ಸುರುಳಿ ಸಡಿಲವಾಗಿಲ್ಲ ಎಂದು ನೋಡಿಕೊಂಡು ಹಾಕಿದೆ.

ವ್ಯಾಕ್ಯೂಮ್ ಡಬ್ಬಿಯೂ ಹಳೆಯದೇ. ಲ್ಯೂಕಾಸ್ ಡಬ್ಬಿಗಳ ಮೇಲೆ ಮೂರು ಅಂಕಿಗಳಿರುತ್ತವೆ: ಎಷ್ಟು ಇಂಚು ಪಾದರಸದ ಎಳೆತಕ್ಕೆ ಶುರು, ಎಷ್ಟಕ್ಕೆ ಪೂರ್ಣ, ಮತ್ತು ಗರಿಷ್ಠ ಎಷ್ಟು ಡಿಗ್ರಿ. ಪರೀಕ್ಷೆಗೆ ಯಂತ್ರ ಬೇಡ. ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿದರೆ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ಮೆಲ್ಲಗೆ ವಾಪಸು ಬಂದರೆ ಒಳಗಿನ ಪೊರೆ ಹರಿದಿದೆ ಎಂದರ್ಥ. ಕಡಿಮೆ ಆಕ್ಸಿಲರೇಟರಿನಲ್ಲಿ ಸಮನಾಗಿ ಓಡುವಾಗ ತೆಳುವಾದ ಮಿಶ್ರಣ ನಿಧಾನವಾಗಿ ಉರಿಯುವುದರಿಂದ ಈ ಹೆಚ್ಚುವರಿ ಅಡ್ವಾನ್ಸ್ ಪೆಟ್ರೋಲ್ ಉಳಿಸುತ್ತದೆ. ಅದನ್ನು ಕಳಚಿಹಾಕಿ ಓಡಿಸುವುದು ಕೆಲವರಿಗೆ ರೂಢಿಯಾಗಿದೆ. ಬಾಷ್ 009 ಎಂಬ ಡಿಸ್ಟ್ರಿಬ್ಯೂಟರಿನಲ್ಲಿ ವ್ಯಾಕ್ಯೂಮ್ ವ್ಯವಸ್ಥೆಯೇ ಇಲ್ಲ. ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಎಂಜಿನ್ನುಗಳಿಗೆ ಅದನ್ನು ಬದಲಿಯಾಗಿ ಹಾಕಿದವರು ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಒಂದು ಕ್ಷಣ ತಡವರಿಸುವುದನ್ನು ಚೆನ್ನಾಗಿ ಬಲ್ಲರು.

ಕೂರಿಸುವ ಕೆಲಸಕ್ಕೆ ಬಂದರೆ, ಮೊದಲನೆಯ ಸಿಲಿಂಡರಿನ ಪ್ಲಗ್ ತೆಗೆದು ತೂತಿಗೆ ಹೆಬ್ಬೆರಳು ಒತ್ತಿ ಕ್ರ್ಯಾಂಕ್ ತಿರುಗಿಸಿ, ಗಾಳಿ ಬೆರಳನ್ನು ತಳ್ಳುತ್ತಿರುವಾಗ ಪುಲ್ಲಿಯ ಗುರುತನ್ನು ಟೈಮಿಂಗಿನ ಗೆರೆಗೆ ತಂದು ನಿಲ್ಲಿಸಿದೆ. ಪುಲ್ಲಿಯ ಗುರುತನ್ನಷ್ಟೇ ನಂಬಿದರೆ ಎಕ್ಸಾಸ್ಟ್ ಸ್ಟ್ರೋಕಿನ ಮೇಲ್ತುದಿಯಲ್ಲಿಯೂ ಅದು ಅಲ್ಲಿಗೇ ಬರುವುದರಿಂದ ಡಿಸ್ಟ್ರಿಬ್ಯೂಟರ್ 180 ಡಿಗ್ರಿ ತಿರುಗಿ ಕುಳಿತು, ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳಿಸುತ್ತದೆ. ಹಳೆಯದನ್ನು ಮೇಲಕ್ಕೆತ್ತುವಾಗ ಓರೆ ಹಲ್ಲಿನ ಗೇರ್ ರೋಟರನ್ನು ಒಂದಿಷ್ಟು ತಿರುಗಿಸುತ್ತದೆ. ಆದ್ದರಿಂದ ಕುಳಿತಾಗಿನ ದಿಕ್ಕಿಗೊಂದು, ಗೇರ್ ಬಿಟ್ಟಾಗಿನ ದಿಕ್ಕಿಗೊಂದು ಗುರುತು ಹಾಕಿಕೊಂಡರೆ, ಹೊಸದನ್ನು ಎರಡನೆಯ ಗುರುತಿಗೆ ಹಿಡಿದು ಇಳಿಸಿದಾಗ ಅದು ತಾನಾಗಿಯೇ ಮೊದಲನೆಯದಕ್ಕೆ ತಿರುಗುತ್ತದೆ. ನನ್ನ ಎಂಜಿನ್ನಿನಲ್ಲಿ ಇದೇ ಶಾಫ್ಟಿನ ತುದಿ ಆಯಿಲ್ ಪಂಪನ್ನೂ ತಿರುಗಿಸುವುದರಿಂದ ಇನ್ನೊಂದು ತೊಡಕಿದೆ. ಗೇರ್ ಹಲ್ಲು ಕೂಡಿದರೂ ಪಂಪಿನ ಸೀಳಿಗೆ ತುದಿ ಸಿಗದಿದ್ದರೆ ಫ್ಲೇಂಜ್ ಬ್ಲಾಕಿನಿಂದ ಕೆಲವು ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ಅಲ್ಲಿ ಸುತ್ತಿಗೆಯನ್ನೂ ಬೋಲ್ಟಿನ ಬಲವನ್ನೂ ಬಳಸಬಾರದು. ಮತ್ತೆ ಹೊರತೆಗೆದು, ಉದ್ದನೆಯ ಸ್ಕ್ರೂಡ್ರೈವರಿನಿಂದ ಪಂಪಿನ ಸೀಳನ್ನು ಸ್ವಲ್ಪ ತಿರುಗಿಸಿ ಪುನಃ ಇಳಿಸಿದರೆ ಕುಳಿತುಕೊಳ್ಳುತ್ತದೆ. ಒ-ರಿಂಗಿಗೆ ಎಣ್ಣೆ ಸವರಿ ಇಳಿಸುವುದು, ಕ್ಲ್ಯಾಂಪನ್ನು ದೇಹ ಕೈಯಿಂದ ತಿರುಗದಷ್ಟು ಮಾತ್ರ ಬಿಗಿ ಮಾಡುವುದು, ಈ ಎಂಜಿನ್ನಿನ ಸಿಲಿಂಡರುಗಳಿಗೆ ಕಿಡಿ ಸಿಗುವ 1-3-4-2 ಕ್ರಮದಲ್ಲಿ ರೋಟರ್ ತಿರುಗುವ ದಿಕ್ಕಿಗೇ ತಂತಿಗಳನ್ನು ಸಿಕ್ಕಿಸುವುದು, ಇವು ಎಲ್ಲರಿಗೂ ಗೊತ್ತಿರುವ ಮಾತು.

ಎಂಜಿನ್ ಚಾಲೂ ಮಾಡುವ ಮೊದಲು 12 ವೋಲ್ಟಿನ ಪುಟ್ಟ ಬಲ್ಬಿನ ಒಂದು ತಂತಿಯನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಟರ್ಮಿನಲ್‌ಗೂ ಇನ್ನೊಂದನ್ನು ಅರ್ತ್‌ಗೂ ಹಿಡಿದು, ಕೀಲಿ ತಿರುಗಿಸಿದೆ. ದೇಹವನ್ನು ರೋಟರ್ ತಿರುಗುವ ದಿಕ್ಕಿಗೆ ಸರಿಸಿದಾಗ ಪಾಯಿಂಟ್ ಮುಚ್ಚಿ ಬಲ್ಬ್ ಆರುತ್ತದೆ. ಅಲ್ಲಿಂದ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುತ್ತ ಬಂದು, ಬಲ್ಬ್ ಹೊತ್ತಿದ ಜಾಗದಲ್ಲಿ ಕ್ಲ್ಯಾಂಪ್ ಬಿಗಿದರೆ ಎಂಜಿನ್ ಮೊದಲ ಸೆಲ್ಫಿಗೇ ಹೊತ್ತಿಕೊಳ್ಳುವಷ್ಟು ನಿಖರತೆ ಸಿಗುತ್ತದೆ.

ಉಳಿದದ್ದು ಟೈಮಿಂಗ್ ಲೈಟಿನ ಕೆಲಸ. ಪುಲ್ಲಿಯ ಮೇಲೆ 30 ಡಿಗ್ರಿಯ ಗುರುತು ಇರಲಿಲ್ಲ. ಪುಲ್ಲಿಯ ವ್ಯಾಸ 150 ಮಿಲಿಮೀಟರ್ ಇದ್ದುದರಿಂದ 10 ಡಿಗ್ರಿಗೆ 13.1 ಮಿಲಿಮೀಟರ್ ಎಂದು ಲೆಕ್ಕ ಹಾಕಿ, ಗೆರೆ ಎಳೆದ ಕಾಗದದ ಪಟ್ಟಿಯನ್ನು ಅಂಟಿಸಿದೆ. ವ್ಯಾಕ್ಯೂಮ್ ಪೈಪನ್ನು ಕಳಚಿ, ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ 8 ಡಿಗ್ರಿಗೆ ಇಟ್ಟು ವೇಗ ಏರಿಸುತ್ತ ಹೋದರೆ, ಸುಮಾರು 1100 ಸುತ್ತಿನ ಹತ್ತಿರ ಗುರುತು ಸರಿಯಲಾರಂಭಿಸಿ, 3200ರ ಆಸುಪಾಸಿನಲ್ಲಿ 30ಕ್ಕೆ ಬಂದು ನಿಂತಿತು. ಅದಕ್ಕೂ ಮೇಲೆ ಏರಿಸಿದರೂ ಮುಂದೆ ಹೋಗಲಿಲ್ಲ. ಕುತೂಹಲಕ್ಕೆಂದು ಹೊಸ ಸ್ಪ್ರಿಂಗ್‌ಗಳನ್ನು ಹಾಕಿಯೂ ನೋಡಿದೆ. ಅವು 800ರ ಐಡಲ್‌ನಲ್ಲೇ ಅಡ್ವಾನ್ಸ್ ಶುರು ಮಾಡಿಕೊಂಡು, ಐಡಲ್ ಏರಿದರೆ ಅಡ್ವಾನ್ಸ್ ಏರಿ, ಅಡ್ವಾನ್ಸ್ ಏರಿದ್ದಕ್ಕೆ ಐಡಲ್ ಇನ್ನಷ್ಟು ಏರಿ, ಎಂಜಿನ್ ಒಂದೆಡೆ ನಿಲ್ಲಲೇ ಇಲ್ಲ. ಹಳೆಯ ಸ್ಪ್ರಿಂಗ್‌ಗಳೇ ವಾಪಸು ಹೋದವು. ಏರು ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಬೇಕೆಂದೇ ಎಳೆಸಿದಾಗಲೂ ನಾಕಿಂಗ್ ಸದ್ದು ಬರಲಿಲ್ಲ.

ಹೊಸ ಪಾಯಿಂಟಿನಲ್ಲಿ ಕ್ಯಾಮ್‌ಗೆ ಉಜ್ಜುವ ಫೈಬರ್ ಹಿಮ್ಮಡಿ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಸವೆದು ಕ್ಯಾಮ್‌ಗೆ ಹೊಂದಿಕೊಳ್ಳುತ್ತದೆ. ಆಗ ಅಂತರ ಕಿರಿದಾಗಿ, ಡ್ವೆಲ್ ಹೆಚ್ಚಿ, ಟೈಮಿಂಗ್ ತಡವಾಗುತ್ತದೆ. ಡ್ವೆಲ್‌ನಲ್ಲಿ 1 ಡಿಗ್ರಿ ಬದಲಾದರೆ ಕ್ರ್ಯಾಂಕಿನ ಟೈಮಿಂಗೂ ಸುಮಾರು 1 ಡಿಗ್ರಿ ಬದಲಾಗುತ್ತದೆ. ಆದ್ದರಿಂದ ಮೊದಲು ಅಂತರ, ಆಮೇಲೆ ಟೈಮಿಂಗ್, ಈ ಕ್ರಮದಲ್ಲೇ ಮರುಪರೀಕ್ಷೆ ಮಾಡಬೇಕು. ನನ್ನದರಲ್ಲಿ ಅಂತರ 0.36 ಮಿಲಿಮೀಟರಿಗೆ ಇಳಿದಿತ್ತು. ಅದನ್ನು 0.40ಕ್ಕೆ ತಂದ ಮೇಲೆ ದೇಹವನ್ನು ಸರಿಸುವ ಅಗತ್ಯವೇ ಬೀಳಲಿಲ್ಲ. ಐಡಲ್‌ನಲ್ಲಿ ಗುರುತು 8 ಡಿಗ್ರಿಯ ಗೆರೆಗೇ ಬಂದಿತ್ತು, ಮತ್ತು ಲೈಟಿನಲ್ಲಿ ನಡುಗುತ್ತಿರಲಿಲ್ಲ.